ಮೈ ಮುರಿಯುವುದು

ಇನ್ನೂರಿಪ್ಪತ್ತು ಕಿಲೋ ನೆಲದಿಂದೆತ್ತಿ
ನೆಟ್ಟಗೆ ನಿಲ್ಲಬಲ್ಲೆ.
ಬೆನ್ನ ನಡುವೆ, ಎಡ ರೆಕ್ಕೆಯ ಮೂಳೆಯ ಪಕ್ಕ
ತುರಿಕೆಯೆದ್ದರೆ ಮಾತ್ರ
ಬಾಗಿಲ ಚೌಕಟ್ಟು ಹುಡುಕುತ್ತೇನೆ, ಎಮ್ಮೆಯ ಹಾಗೆ.

ಲೇಸು ಕಟ್ಟುವ ಮುಂಚೆ ಉಸಿರು ಹಿಡಿಯುತ್ತೇನೆ,
ಬಾವಿಗೆ ಧುಮುಕುವವನಂತೆ.
ಐದು ಸೆಂಟಿನ ನಾಣ್ಯ ಕೆಳಗೆ ಬಿದ್ದರೆ
ದಾನವೆಂದುಕೊಳ್ಳುತ್ತೇನೆ.

ಜೀಲಾಂಗಿನ ಬಂದರಿನಲ್ಲಿ ಹಗಲು ಪಾಳಿ,
ಸಂಜೆ ತಗಡಿನ ಶೆಡ್ಡಿನ ಜಿಮ್ಮು.
ಸೀಮೆಸುಣ್ಣದ ಪುಡಿ, ತುಕ್ಕು, ಯಾರದೋ ಹಳೆಯ ಬೆಲ್ಟಿನ ವಾಸನೆ.
ಹದಿನೆಂಟು ವರ್ಷ
ರಟ್ಟೆಗೆ ರಟ್ಟೆ, ಹೆಗಲ ಮೇಲೆ ಹೆಗಲು
ಕಟ್ಟಿದ್ದೇ ಕಟ್ಟಿದ್ದು;
ಒಳಗೆ ತಿರುಗಾಡಲು ಜಾಗ ಬಿಡಬೇಕೆಂದು
ಯಾವ ಮೇಸ್ತ್ರಿಯೂ ಹೇಳಲಿಲ್ಲ.
ಮೆತ್ತಗಾದರೆ ಬಲ ಸೋರಿಹೋಗುತ್ತದೆ
ಎಂದವರೇ ಎಲ್ಲ.

ಸಿಯಾವೋಸಿ ಕರೆದ: ಗುರುವಾರ ಏಳಕ್ಕೆ ಬಾ,
ಚರ್ಚಿನ ಹಿಂದಿನ ಹಾಲು, ಯಾರಿಗೂ ಹೇಳಬೇಡ.
ಟೋಂಗಾದವನು, ಕತ್ತು ಶುರುವಾಗುವ ಮೊದಲೇ ಮುಗಿದವನು.
ಕಳ್ಳಭಟ್ಟಿಗೆ ಹೋದ ಹಾಗೆ ಹೋದೆವು.

ಅಲ್ಲಿ ಡ್ರಾಗಿತ್ಸಾ.
ವಯಸ್ಸು ಎಪ್ಪತ್ತೊಂದು, ತೂಕ ನಲವತ್ತೆಂಟು,
ನನ್ನ ಮೊದಲ ಸುತ್ತಿನ ಬಾರಿಗಿಂತ ಹಗುರ.
ಮೂವತ್ತು ವರ್ಷ ಉಣ್ಣೆಯ ಗಿರಣಿಯಲ್ಲಿದ್ದವಳು.
ನಾನು ಹಲ್ಲು ಕಚ್ಚಿ ಹೆಬ್ಬೆರಳ ಕಡೆಗೆ ಜಗ್ಗುತ್ತಿದ್ದರೆ
ಹತ್ತಿರ ಬಂದು ಕೂತಳು:
ಉಣ್ಣೆಯನ್ನು ಹಾಗೆ ಎಳೆಯಬಾರದು ಮಗಾ.
ತೇವ ಮಾಡು, ಬೆಚ್ಚಗಿಡು,
ಬರುತ್ತೀಯಾ ಅಂತ ಕೇಳು.
ಬರದಿದ್ದರೆ ಅಲ್ಲೇ ಕೂತಿರು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು
ಕುಂಟು ಇಂಗ್ಲಿಷಿನಲ್ಲಿ ಗಾದೆ ಒಪ್ಪಿಸಿದೆ.
ಕಿಟಕಿಯಾಚೆ ಬೆರಳು ತೋರಿದಳು.
ಸಮುದ್ರದ ಗಾಳಿಗೆ ನೀಲಗಿರಿ ಮರ
ಬುಡದಿಂದ ತುದಿಯವರೆಗೆ
ಆರಾಮಾಗಿ
ಬಗ್ಗುತ್ತಿತ್ತು.

ನನ್ನ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು:
ಮೂಟೆ ಹೊರುವವನೂ ಮೈ ಮುರಿಯುತ್ತಾನೆ,
ನಿದ್ದೆ ತಿಳಿದ ಬೆಕ್ಕೂ ಮೈ ಮುರಿಯುತ್ತದೆ.
ಮೊದಲನೆಯದನ್ನು ಬಲ್ಲೆ, ಅದರಲ್ಲೇ ಬದುಕಿದೆ.
ಎರಡನೆಯದನ್ನು
ತೊಟ್ಟಿಲಲ್ಲೇ ಮರೆತು ಬಂದಿದ್ದೆ.

ಜೂನಿನ ಒಂದು ಗುರುವಾರ.
ಒಂದು ಕಾಲು ಮುಂದೆ ಮಡಿಚಿ, ಇನ್ನೊಂದು ಹಿಂದೆ ಚಾಚಿ
ಹಣೆ ನೆಲಕ್ಕೆ. ಪಾರಿವಾಳವಂತೆ ಅದು.
ನೂರ ಮೂವತ್ತು ಕಿಲೋದ ಪಾರಿವಾಳ ನನ್ನ ಪಕ್ಕ
ನಾಲ್ಕನೆಯ ನಿಮಿಷಕ್ಕೆ ಅದುರತೊಡಗಿತು.
ಮೊದಲು ಸೊಂಟ, ಆಮೇಲೆ ಹೆಗಲು,
ಆಮೇಲೆ ಸದ್ದು.
ಚಾಪೆಯ ಮೇಲೆ ಅಂಗೈಯಗಲ ಒದ್ದೆ.
ಯಾರೂ ಏನೂ ಕೇಳಲಿಲ್ಲ.
ಡ್ರಾಗಿತ್ಸಾ ಎದ್ದು ಹೋಗಿ
ಹೀಟರನ್ನು ಒಂದು ಗೆರೆ ಏರಿಸಿದಳು.

ಕಾರು ಹತ್ತುವಾಗ ಅಂದ: ಸೊಂಟ ಕಣೋ, ಬಹಳ ಬಿಗಿ.
ಹೌದು, ಸೊಂಟ, ಅಂದೆ.
ದಾರಿಯುದ್ದಕ್ಕೂ ಫುಟ್‌ಬಾಲ್ ಮಾತಾಡಿದೆವು.

ಬಲ ಸೋರಿಲ್ಲ, ತೂಗಿ ನೋಡಿದ್ದೇನೆ.
ಬಾರು ಹೊತ್ತು ಕೂರುವಾಗ ಹಿಮ್ಮಡಿ ಏಳುವುದಿಲ್ಲ ಈಗ,
ಒಂದು ಬೆರಳು ಹೆಚ್ಚು ಆಳಕ್ಕೆ ಹೋಗಿ
ಅಲ್ಲಿಂದ ಎದ್ದು ಬರುತ್ತೇನೆ.

ರಾತ್ರಿ, ಬಚ್ಚಲ ಕನ್ನಡಿಗೆ ಬೆನ್ನು ಹಾಕಿ
ಬಲಗೈ ಮೇಲಿಂದ, ಎಡಗೈ ಕೆಳಗಿಂದ ಕಳಿಸುತ್ತೇನೆ.
ನಾನೆಂದೂ ನೋಡದ ಆ ಸೀಮೆಯಲ್ಲಿ
ಒಂದನ್ನೊಂದು ತಡಕಾಡುತ್ತವೆ ಎರಡೂ.
ನಡುವೆ, ಹಿಡಿದುಕೊಳ್ಳಲು, ಒಂದು ಉಣ್ಣೆಯ ಕಾಲುಚೀಲ.

ಮೇ ತಿಂಗಳಲ್ಲಿ ಒಂದು ಗೇಣು ದೂರವಿತ್ತು.
ಆಗಸ್ಟು ಬಂತು, ಇನ್ನು ನಾಲ್ಕೇ ಬೆರಳು.
ತುರಿಕೆಯಿರುವುದು
ಸರಿಯಾಗಿ
ಆ ನಾಲ್ಕು ಬೆರಳಿನ ಜಾಗದಲ್ಲಿ.